ತುದಿಯಲ್ಲಿ ಕುಳಿತ ಜಟ್ಟಿ

ನನ್ನ ಟೈಪಿಂಗ್ ಸಂಸ್ಥೆಯ ಆ ಬೆಂಚು ಈಗ ನನ್ನ ಕಣ್ಣಿಗೆ ತೇಗದ್ದಾಗಿ ಕಾಣುತ್ತದೆ. ತೇಗದ್ದಿರಲಿಕ್ಕಿಲ್ಲ. ಶಹಾಪುರದಲ್ಲಿ ನಾನು ಬಾಡಿಗೆಗೆ ಹಿಡಿದಿದ್ದ ಒಂದೇ ಕೋಣೆಗೆ ತೇಗದ ಬೆಂಚು ಎಲ್ಲಿಂದ ಬಂದೀತು? ಉದ್ದವಾಗಿತ್ತು ಎಂಬುದು ಮಾತ್ರ ಖಂಡಿತ. ಆದದ್ದೆಲ್ಲ ಅದರ ಉದ್ದದಿಂದಲೇ ಆದದ್ದು.

ವಾರವೆಲ್ಲ ಟೈಪ್ ಕಲಿಯುವವರು ಕೂರುತ್ತಿದ್ದ ಆ ಬೆಂಚಿನ ಮೇಲೆ ಭಾನುವಾರ ನಾವು ನಾಲ್ವರು ಒಂದು ಆಟ ಆಡುತ್ತಿದ್ದೆವು. ಕಾಲುವೆ ಇಲಾಖೆಯ ಕಿರಿಯ ಇಂಜಿನಿಯರ್ ತನ್ನ ಕಾಲೇಜು ಹಾಸ್ಟೆಲಿನಿಂದ ಆಟದ ಪುಸ್ತಕದ ಝೆರಾಕ್ಸ್ ತಂದಿದ್ದ. ಪಗಡೆಯ ಹಾಗೆ ಹಾಸು, ಕಾಯಿ ಏನೂ ಇಲ್ಲ. ಒಬ್ಬ ಕತೆ ಹೇಳುತ್ತಾನೆ: ಒಂದು ಕೋಟೆ, ಒಂದು ಗವಿ, ಕಾವಲಿಗೊಬ್ಬ ರಾಕ್ಷಸ. ಉಳಿದವರು ಆ ಕತೆಯೊಳಗೆ ಒಂದೊಂದು ಪಾತ್ರವಾಗಿ, ತಾವೇನು ಮಾಡುತ್ತೇವೆಂದು ಬಾಯಲ್ಲಿ ಹೇಳುತ್ತಾರೆ. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ಹೇಳಬೇಕು. ಅಂಥ ದಾಳ ಯಾದಗಿರಿಯಲ್ಲೂ ಸಿಗಲಿಲ್ಲ. ಹೌಸಿ ಆಟದ ಅಂಕಿ ಬರೆದ ಬಿಲ್ಲೆಗಳಲ್ಲಿ ಒಂದರಿಂದ ಇಪ್ಪತ್ತರವರೆಗಿನವನ್ನು ಸ್ಟೀಲ್ ಲೋಟಕ್ಕೆ ಹಾಕಿ, ಕಣ್ಣು ಮುಚ್ಚಿ ಒಂದನ್ನು ಎತ್ತುತ್ತಿದ್ದೆವು. ದೊಡ್ಡ ಸಂಖ್ಯೆ ಬಂದರೆ ಕೆಲಸ ಆಯಿತು ಎಂದರ್ಥ.

ಕತೆ ಹೇಳುವವನು ನಾನು. ಇಂಜಿನಿಯರ್ ಕತ್ತಿಯಾಳು. ತಹಸೀಲು ಕಚೇರಿಯ ಗುಮಾಸ್ತ ಮಾಂತ್ರಿಕ. ನಾಲ್ಕನೆಯವರು ಹತ್ತಿರದ ಸಗರದ ಶಾಲೆಯ ಟೀಚರು, ಸುರಪುರದ ಕಡೆಯವರು. ಪುಸ್ತಕದಲ್ಲಿ ಬರಿಗೈಯಲ್ಲಿ ಹೋರಾಡುವ ಒಬ್ಬ ಸನ್ಯಾಸಿಯಿದ್ದ. ಕವಚ ತೊಡುವುದಿಲ್ಲ, ಆಯುಧ ಮುಟ್ಟುವುದಿಲ್ಲ. ನಾವು ಅವನನ್ನು ಜಟ್ಟಿ ಎಂದು ಕರೆದೆವು. ಟೀಚರು ಬೇರೆ ಪಾತ್ರಗಳ ಪುಟ ತಿರುವಲೂ ಇಲ್ಲ. ಅವರ ತಂದೆ ಪೈಲ್ವಾನರಾಗಿದ್ದವರು. ಕುಸ್ತಿಯ ತಾಲೀಮಿನ ಕೆಂಪು ಮಣ್ಣಿಗೆ ಹೆಣ್ಣುಮಕ್ಕಳು ಕಾಲಿಡುವಂತಿರಲಿಲ್ಲ. ಚಿಕ್ಕವರಿದ್ದಾಗ ಇವರು ಅಪ್ಪನ ಟವೆಲ್ ಹಿಡಿದು ಬಾಗಿಲಲ್ಲೇ ನಿಲ್ಲುತ್ತಿದ್ದರಂತೆ. ಟವೆಲ್ ಅವರು ಹೇಳಿದ್ದೋ ನಾನು ಸೇರಿಸಿದ್ದೋ ತಿಳಿಯದು. ಬಾಗಿಲು ಅವರೇ ಹೇಳಿದ್ದು.

"ಒಬ್ಬನ್ನರ ಚಿತ್ ಮಾಡಬೇಕ್ರಿ ನಾ," ಎಂದರು ಮೊದಲ ದಿನವೇ. ಎದುರಾಳಿಯ ಎರಡೂ ಭುಜ ನೆಲಕ್ಕೆ ಹಚ್ಚುವುದಕ್ಕೆ ಚಿತ್ ಎನ್ನುತ್ತಾರೆ. "ಅಷ್ಟಾದ್ರ ಸಾಕು."

ಅದೊಂದೇ ಆಗುತ್ತಿರಲಿಲ್ಲ. ಮಾಂತ್ರಿಕ ದೂರದಿಂದಲೇ ಬೆಂಕಿ ಎರಚಬಲ್ಲ. ಕತ್ತಿಯಾಳಿಗೆ ಕಬ್ಬಿಣದ ಕವಚವಿದೆ. ಜಟ್ಟಿ ಮಾತ್ರ ಶತ್ರುವಿನ ಮೈಗೆ ಮೈ ತಾಗುವಷ್ಟು ಹತ್ತಿರ ಹೋಗಬೇಕು. ಹೋಗುವಷ್ಟರಲ್ಲಿ ಕಾಳಗ ಮುಗಿದಿರುತ್ತಿತ್ತು. ಮುಗಿಯದಿದ್ದರೆ ಕವಚವಿಲ್ಲದ ಅವನೇ ಮೊದಲು ಬೀಳುತ್ತಿದ್ದ.

"ಟೀಚರ್ರ, ನಿಮ್ಮ ಪೈಲ್ವಾನ ಬರೇ ಹೆಣಾ ಎತ್ತಾಕ ಬಂದಾನೇನ್ರಿ?" ಎಂದು ಗುಮಾಸ್ತ ಕೆಣಕಿದ.

"ನಿಮ್ಮ ಮಂತ್ರಾ ತೀರಲಿ. ನಿಮ್ಮದೂ ಎತ್ತತಾನ ಬಿಡ್ರಿ."

ಇಂಜಿನಿಯರ್ ಒಂದು ಪರಿಹಾರ ಹುಡುಕಿದ: ಜಟ್ಟಿಯ ಗುದ್ದಿನ ಬಲವನ್ನು ಇಮ್ಮಡಿ ಮಾಡುವುದು. ಆ ಭಾನುವಾರ, ಹೇಗೋ ಉಳಿದುಕೊಂಡಿದ್ದ ಒಂದು ಕರಡಿಯನ್ನು ಜಟ್ಟಿ ಒಂದೇ ಗುದ್ದಿಗೆ ಕೊಂದುಬಿಟ್ಟ. ಇಂಜಿನಿಯರ್ ಮುಖ ಸಣ್ಣದಾಯಿತು. "ಹಂಗಾರ ನಾ ಈ ಕತ್ತಿ ಯಾಕ ಹೊತ್ತು ತಿರಗಲಿ?"

ಸಂತೋಷಪಡಬೇಕಾದವರು ಟೀಚರು. ಅವರಿಗೂ ಆಗಲಿಲ್ಲ. "ಗುದ್ದಾವ ಪೈಲ್ವಾನ ಅಲ್ರಿ. ಹಿಡಿಯಾವ ಪೈಲ್ವಾನ. ಕೈಗೆ ಭಾರ ಹಾಕಬ್ಯಾಡ್ರಿ, ಹಿಡಿತಾ ಕೊಡ್ರಿ."

ಪುಸ್ತಕದ ಸನ್ಯಾಸಿ ಗುದ್ದುವವನು, ಒದೆಯುವವನು. ಜಟ್ಟಿ ಎಂದು ಹೆಸರಿಟ್ಟವರು ನಾವು. ಹೆಸರಿಗೆ ತಕ್ಕಂತೆ ನಿಯಮವನ್ನೂ ಬದಲಿಸಿದೆವು. ಒಂದು ಪಾಳಿಯಲ್ಲಿ ಹಿಡಿಯಬೇಕು, ಹಿಡಿಸಿಕೊಂಡವನು ಅಲ್ಲಾಡುವಂತಿಲ್ಲ. ಮುಂದಿನ ಪಾಳಿಯಲ್ಲಿ ಇನ್ನೊಂದು ಒಳ್ಳೆಯ ಬಿಲ್ಲೆ ಬಂದರೆ ಚಿತ್. ನಿಯಮವೇನೋ ಚೆನ್ನಾಗಿತ್ತು. ಭಾನುವಾರಗಳು ಕಳೆದರೂ ಅದನ್ನು ಬಳಸುವ ಸಂದರ್ಭ ಬರಲಿಲ್ಲ. ಟೀಚರ ಸರದಿ ಬರುವ ಹೊತ್ತಿಗೆ ಹಿಡಿಯಲು ಯಾರೂ ಉಳಿದಿರುತ್ತಿರಲಿಲ್ಲ.

ಒಂದು ಸಂಜೆ ಅವರು ಚೀಲ ಎತ್ತಿಕೊಂಡರು. "ಇನ್ನೊಂದು ಐತ್ವಾರ ಬರ್ತೀನಿ. ಆಗೂ ಹಿಂಗ ಆದ್ರ ಬಿಟ್ಟಬಿಡತೀನ್ರಿ. ಬಾಗಲದಾಗ ನಿಂತು ನೋಡಾಕ ಬಸ್ ಹತ್ತಿ ಬರಬೇಕೇನು?"

ದನಿಯಲ್ಲಿ ಸಿಟ್ಟಿರಲಿಲ್ಲ.

ತಪ್ಪು ಎಲ್ಲಿದೆಯೆಂದು ಮೊದಲು ಕಂಡವರು ಯಾರು? ತಾನೇ ಎನ್ನುತ್ತಾನೆ ಇಂಜಿನಿಯರ್. ನನ್ನ ನೆನಪಿನಲ್ಲಿ ಗುಮಾಸ್ತ ಚಹಾದ ಅಂಗಡಿಯಲ್ಲಿ ಬಸಿಯನ್ನು ಕೆಳಗಿಟ್ಟು, "ಅಲ್ರಿ, ಪಾಳಿ ಯಾಕ ಯಾವಾಗ್ಲೂ ಕಿಡಕಿ ಕಡಿಂದನ ಸುರು ಆಗ್ತದ?" ಎಂದ. ನೆನಪು ಇಂಥ ಮಾತಿಗೆ ಒಂದು ಬಸಿಯನ್ನು ತಾನೇ ತಂದಿಡುತ್ತದೆ; ಅದಿರಲಿ. ಪ್ರಶ್ನೆ ಸರಿಯಾಗಿತ್ತು. ಪುಸ್ತಕ, ಲೋಟ ಎರಡೂ ಕಿಟಕಿಯ ಕಡೆಗಿರುತ್ತಿದ್ದವು. ಪುಸ್ತಕದ ಒಡೆಯನಾದ ಇಂಜಿನಿಯರ್ ಅಲ್ಲಿ ಕೂರುತ್ತಿದ್ದ, ಪಕ್ಕದಲ್ಲಿ ಗುಮಾಸ್ತ. ಟೀಚರು ಸಗರದ ಬಸ್ಸಿಳಿದು ಎಲ್ಲರಿಗಿಂತ ಕೊನೆಗೆ ಬಂದು ಬಾಗಿಲ ಬದಿಯಲ್ಲಿ ಕೂರುತ್ತಿದ್ದರು. ಪಾಳಿ ಕಿಟಕಿಯಿಂದ ಹೊರಟು ಬೆಂಚಿನುದ್ದ ಹರಿದು ಬಾಗಿಲಿಗೆ ಬರುವಾಗ ಬತ್ತಿರುತ್ತಿತ್ತು.

ಪ್ರತಿ ಕಾಳಗಕ್ಕೂ ಚೀಟಿ ಎತ್ತಿ ಪಾಳಿ ಗೊತ್ತುಮಾಡಿ ಎಂದು ಪುಸ್ತಕದಲ್ಲಿತ್ತು. ಓದಿದ್ದೆವು ಕೂಡ. ಓದಿ, ನಕ್ಕು, ಮುಂದಿನ ಪುಟಕ್ಕೆ ಹೋಗಿದ್ದೆವು. ಪಾಳಿಗೆ ಯಾರಾದರೂ ಚೀಟಿ ಎತ್ತುತ್ತಾರೆಯೇ? ಕಾಲುವೆ ಬಂದ ಮೇಲೆ ನಮ್ಮ ಕಡೆ ಪಾಳಿ ಎಂದರೆ ಒಂದೇ: ಮೊದಲು ತೂಬಿನ ಬಾಯಿಯ ಹೊಲ, ಆಮೇಲೆ ಅದರ ಕೆಳಗಿನದು, ಕೊನೆಗೆ ತುದಿಯ ಹೊಲ, ನೀರು ಉಳಿದಿದ್ದರೆ. ಬೇರೆ ಊರಿನ ಆಟಗಾರರು ಈ ತಪ್ಪು ಮಾಡುತ್ತಿರಲಿಲ್ಲ. ವಾರವೆಲ್ಲ ತುದಿ ಹೊಲದವರ ಬೈಗುಳ ತಿಂದು ಬರುವ ಇಂಜಿನಿಯರ್ ಕೂಡ ಭಾನುವಾರ ತೂಬಿನ ಬಾಯಲ್ಲೇ ಹಾಯಾಗಿ ಕೂತಿರುತ್ತಿದ್ದ.

ಮುಂದಿನ ಭಾನುವಾರ ಲೋಟವನ್ನು ಬಾಗಿಲ ಕಡೆ ಇಟ್ಟೆವು. ಚೀಟಿಯ ಮಾತು ಆಗಲೂ ಯಾರಿಗೂ ರುಚಿಸಲಿಲ್ಲ. ತುದಿಯಿಂದ ಶುರು ಮಾಡೋಣ ಎಂದಾಯಿತು. ಟೀಚರು ಲೋಟ ನೋಡಿದರು, ನಮ್ಮನ್ನು ನೋಡಿದರು, ಚೀಲ ಕೆಳಗಿಟ್ಟು ಕುಳಿತರು.

ಕೋಟೆಯ ಬಾಗಿಲಿಗೆ ಇಬ್ಬರು ರಾಕ್ಷಸರು, ಅಣ್ಣ ತಮ್ಮ. ಟೀಚರ ಜಟ್ಟಿ ಮೊದಲ ಪಾಳಿಯಲ್ಲೇ ನುಗ್ಗಿ ಅಣ್ಣನ ಸೊಂಟ ಹಿಡಿದ. ಬಿಲ್ಲೆ ಒಪ್ಪಿತು. ಗುಮಾಸ್ತ ತನ್ನ ಪಾಳಿಯಲ್ಲಿ ಬೆಂಕಿ ಎಸೆದರೆ ಗುರಿ ತಪ್ಪಿತು. ಇಂಜಿನಿಯರ್ ಕತ್ತಿ ಬೀಸಿ ತಪ್ಪಿದ; ತಮ್ಮ ಅವನನ್ನು ಅರೆಜೀವ ಮಾಡಿದ. ಅಲ್ಲಿಗೆ ಒಂದು ಸುತ್ತು ಮುಗಿಯಿತು.

ಎರಡನೆಯ ಸುತ್ತಿಗೆ ಟೀಚರು ಬಿಲ್ಲೆ ಎತ್ತಿದರು. ಚಿಕ್ಕದು ಬಂತು. ಹಿಡಿತ ಜಾರಲಿಲ್ಲ, ಚಿತ್ ಕೂಡ ಆಗಲಿಲ್ಲ. ಪಾಳಿ ಗುಮಾಸ್ತನಿಗೆ ಬಂತು. ಅವನಲ್ಲಿ ಒಂದೇ ಬೆಂಕಿ ಉಳಿದಿತ್ತು. ಗುರಿ ತಾಗಿದರೆ ಅಣ್ಣತಮ್ಮಂದಿರಿಬ್ಬರೂ ಸುಟ್ಟುಹೋಗುತ್ತಾರೆ, ಇಂಜಿನಿಯರ್ ಬದುಕುತ್ತಾನೆ, ಟೀಚರ ಹಿಡಿತದಲ್ಲಿರುವ ಅಣ್ಣ ಚಿತ್ ಆಗುವ ಮೊದಲೇ ಬೂದಿಯಾಗುತ್ತಾನೆ.

ಗುಮಾಸ್ತ ಕುತ್ತಿಗೆ ತುರಿಸಿಕೊಂಡ. "ನನ್ನ ಪಾಳಿ ಬಿಟ್ಟೆ."

"ಏ, ನಾ ಇಲ್ಲಿ ಸಾಯಾಕತ್ತೀನಿ," ಎಂದ ಇಂಜಿನಿಯರ್.

"ಸಾಯ್ರಿ ಸಾಹೇಬ್ರ. ಒಂದ ಸುತ್ತು."

ಇಂಜಿನಿಯರ್ ಬೀಸಿದ ಕತ್ತಿ ಮತ್ತೆ ತಪ್ಪಿತು. ತಮ್ಮನ ಗದೆ ತಪ್ಪಲಿಲ್ಲ. ಕತ್ತಿಯಾಳು ಸತ್ತ.

ಟೀಚರು ಕುಸ್ತಿಗಿಳಿಯುವವರ ಹಾಗೆ ಬಗ್ಗಿ ನೆಲ ಮುಟ್ಟಿ, ಅಂಗೈ ಉಜ್ಜಿಕೊಂಡು ಲೋಟಕ್ಕೆ ಕೈ ಹಾಕಿದರು. ಇಪ್ಪತ್ತು ಬಂತು ಎಂದು ಗುಮಾಸ್ತ ಇಂದಿಗೂ ಹೇಳುತ್ತಾನೆ. ಅಷ್ಟು ಚಂದದ ಸಂಖ್ಯೆಯನ್ನು ನಾನು ನಂಬುವುದಿಲ್ಲ. ಸಾಕಾಗುವಷ್ಟು ಬಂತು.

"ಚಿತ್," ಎಂದರು ಮೆಲ್ಲಗೆ. ಗುಮಾಸ್ತ ಉಳಿದ ಬೆಂಕಿಯಲ್ಲಿ ತಮ್ಮನನ್ನು ಸುಟ್ಟ. ಅದನ್ನು ಯಾರೂ ಗಮನಿಸಲಿಲ್ಲ.

ಇಂಜಿನಿಯರ್ ಪುಸ್ತಕ ಎತ್ತಿಕೊಂಡು ಪಾತ್ರಗಳ ಪುಟ ತೆರೆದ. ಆಮೇಲೆ, "ಇನ್ನೊಬ್ಬನ್ನ ಮಾಡ್ಕೋಬೇಕಲ್ಲ ಈಗ ನಾ. ಯಾವನ್ನ ಮಾಡಲಿ?" ಎಂದ.

"ಪೈಲ್ವಾನನ್ನ ಮಾಡ್ರಿ," ಎಂದರು ಟೀಚರು.

"ನನಗೆಲ್ಲಿ ಬರ್ತದ್ರಿ ಹಿಡಿಯಾದು?" ಎನ್ನುತ್ತ ಇಂಜಿನಿಯರ್ ಎದ್ದು ನಿಂತ.

ಅವರು ಎದ್ದು ಬಂದು ಅವನ ಎರಡೂ ಪಾದಗಳ ನಡುವಿನ ಜಾಗ ನೋಡಿದರು. "ಮುಂದಿನ ಐತ್ವಾರ ಮೊದಲನೇ ಬಸ್ಸಿಗಿ ಬರ್ತೀನಿ. ಮೊದಲ ನಿಲ್ಲಾದು ಕಲೀರಿ. ಹಿಡಿಯಾದು ಆಮ್ಯಾಲ."