ಅಕ್ಕನ ಕೈಗುಣ

ಅಕ್ಕನಿಗೆ ಒಂದು ಮಾತು ಹೇಳಬೇಕಿತ್ತು. ಆರು ವರ್ಷ ಹೇಳಲಿಲ್ಲ. ಮೊನ್ನೆ ನನ್ನ ಹೆಂಡತಿ ಹುಳಿಯಾದ ಮಜ್ಜಿಗೆಯನ್ನು ಚೆಲ್ಲಲು ಹೊರಟಾಗ, ಆ ವಾಸನೆಗೆ ಎಲ್ಲ ನೆನಪಾಗಿ, ಪಾತ್ರೆಯನ್ನು ಅವಳ ಕೈಯಿಂದ ತೆಗೆದುಕೊಂಡೆ.

ಬಾಗಲಗುಂಟೆಯಲ್ಲಿ ಅಕ್ಕನ ಮನೆಯ ತಾರಸಿಯ ಮೇಲೆ, ಬಣ್ಣದ ಹಳೇ ಡಬ್ಬದಲ್ಲಿ ಒಂದು ಕರಿಬೇವಿನ ಗಿಡವಿತ್ತು. ಮನೆಯ ಹುಳಿ ಮಜ್ಜಿಗೆಯೆಲ್ಲ ಅದರ ಪಾಲು. ಬೀದಿಯಲ್ಲಿ ಯಾರು ಸಸಿ ತಂದರೂ, "ನೀವೇ ನೆಟ್ಬಿಡಿ ಅಕ್ಕಾ, ನಿಮ್ ಕೈಗುಣ ಒಳ್ಳೇದು" ಎಂದು ಅವಳನ್ನೇ ಕರೆಯುತ್ತಿದ್ದರು. ನಮ್ಮ ಮನೆಗೆ ಸಿಕ್ಕ ಬಿರುದು ಅದೊಂದೇ ಅನ್ನಿ.

ನನಗೂ ಒಂದು ಬಿರುದಿನ ಆಸೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಯಶವಂತಪುರದ ಗೊಬ್ಬರದಂಗಡಿಯಲ್ಲಿ ಮೂಟೆ ಹೊರುತ್ತಿದ್ದೆ. ಬೆನ್ನ ಮೇಲೆ ಹೊತ್ತದ್ದು ತಲೆಗೂ ಹತ್ತಿದೆ ಎಂದೇ ತಿಳಿದಿದ್ದೆ. ತನ್ನ ಅತ್ತೆಗೆ ಹುಷಾರಿಲ್ಲವೆಂದು ಅಕ್ಕ ಒಂದು ತಿಂಗಳು ಊರಿಗೆ ಹೊರಟಾಗ, "ನೀರು ಹಾಕು, ಸಾಕು. ನಿನ್ ಬುದ್ಧಿವಂತಿಕೆ ಏನೂ ಹಾಕ್ಬೇಡ" ಎಂದಿದ್ದಳು. ನಾನು ಎರಡು ಹಿಡಿ ಯೂರಿಯಾ ಹಾಕಿದೆ. ಬಂದವಳು ಗಿಡ ನೋಡಿ ಬೆರಗಾಗಲಿ ಎಂದು. ಕೆಲವೇ ದಿನಗಳಲ್ಲಿ ಎಲೆಗಳ ಅಂಚು ಸುಟ್ಟಂತಾಗಿ, ಆಮೇಲೆ ಎಲ್ಲ ಉದುರಿ, ಕಡ್ಡಿ ಉಳಿಯಿತು.

ಅಂಗಡಿಯ ಯಜಮಾನರನ್ನು ಯಾರದೋ ಗಿಡವೆಂಬಂತೆ ಕೇಳಿದೆ.

"ಬೇರಿಗೇನ್ ಹಲ್ಲಿದೆಯೇನೋ? ನೀರಲ್ಲಿ ಕರಗಿದ್ದನ್ನ ಕುಡಿಯುತ್ತೆ ಅಷ್ಟೇ. ಮಾವಿನಕಾಯಿಗೆ ಉಪ್ಪು ಹಾಕಿದ್ರೆ ನೀರು ಬಿಡಲ್ವಾ? ಹಂಗೇ ಗೊಬ್ಬರ ಜಾಸ್ತಿ ಆದ್ರೆ ಬೇರಲ್ಲಿರೋ ನೀರನ್ನೇ ಎಳ್ಕೊಳುತ್ತೆ. ಡಬ್ಬಕ್ಕೆ ಎರಡು ಹಿಡಿ ಸುರಿದ ಮಹಾನುಭಾವ ಯಾರು?"

"ನಮ್ ಪಕ್ಕದ್ಮನೆಯೋನು ಸಾರ್" ಎಂದೆ.

ಊರಿಂದ ಬಂದ ಅಕ್ಕ ಆ ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿದಳು. "ನನ್ ಕೈಗುಣ ಹೋಯ್ತು ಕಣೋ" ಎಂದಳು. ಆಗಲೇ ಹೇಳಬಹುದಿತ್ತು. ಅವಳು ಕೊಟ್ಟ ಕಾಫಿ ಕುಡಿದು ಎದ್ದು ಬಂದೆ. ಅಂದಿನಿಂದ ಅವಳು ಸಸಿ ಮುಟ್ಟಲಿಲ್ಲ. ಯಾರಾದರೂ ಕರೆದರೆ, "ಬೇಡಮ್ಮ, ನಾನು ಮುಟ್ಟಿದ್ರೆ ಒಣಗುತ್ತೆ" ಎನ್ನುವಳು. ಕ್ರಮೇಣ ಜನ ಕರೆಯುವುದನ್ನೂ ಬಿಟ್ಟರು.

ಮೊನ್ನೆ ಮಜ್ಜಿಗೆ ಪಾತ್ರೆಯ ಜೊತೆಗೆ, ಚಿಕ್ಕಬಾಣಾವರದಲ್ಲಿ ಕೊಂಡ ಕರಿಬೇವಿನ ಸಸಿಯನ್ನೂ ಹಿಡಿದು ಅವಳ ತಾರಸಿ ಹತ್ತಿದೆ. ಡಬ್ಬ ಅಲ್ಲೇ ಇತ್ತು, ಖಾಲಿ. ಮಣ್ಣು ತುಂಬಿಸಿದೆ.

"ನೀನೇ ನೆಡು" ಎಂದು ಅಕ್ಕ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಿನ್ ಕೈಗುಣ ಎಲ್ಲೂ ಹೋಗಿಲ್ಲ ಅಕ್ಕ. ಆ ಗಿಡಕ್ಕೆ ಯೂರಿಯಾ ಹಾಕಿದ್ದು ನಾನು."

"ಎಷ್ಟು?"

"ಎರಡು ಹಿಡಿ."

"ಅದೂ ನಿನ್ ಹಿಡೀಲಿ! ಅಯ್ಯೋ ಮುಂಡೇದೇ!" ನಗುತ್ತಾಳೆಂದುಕೊಂಡೆ. ನಗಲಿಲ್ಲ. "ಆರು ವರ್ಷ ಕಣೋ" ಎಂದಳು, ಬಲು ಮೆಲ್ಲಗೆ.

ಆಮೇಲೆ ಸೆರಗಿನಿಂದ ಕೈ ತೆಗೆದು, ಸಸಿಯನ್ನು ನನ್ನಿಂದ ಕಿತ್ತುಕೊಂಡು, ಕುಳಿತು ನೆಟ್ಟಳು. ಬೆರಳಿನಿಂದ ಬುಡದ ಮಣ್ಣನ್ನು ಅದುಮುತ್ತ, ತಲೆಯೆತ್ತದೆಯೇ, "ಮಜ್ಜಿಗೆಗೆ ನೀರು ಬೆರೆಸಿದೀಯೋ, ಅದನ್ನೂ ಹಂಗೇ ತಂದಿದೀಯೋ?" ಎಂದು ಕೇಳಿದಳು.

"ಬೆರೆಸಿದೀನಿ" ಎಂದೆ. ಅವಳ ಪಕ್ಕದಲ್ಲಿ ಕುಳಿತೆ. "ತಪ್ಪಾಯ್ತು ಅಕ್ಕ. ಆವತ್ತೇ ಹೇಳ್ಬೇಕಿತ್ತು."