ಪೆಟ್ರೋಲಿನದಲ್ಲ, ವೈರಿನ ತಪ್ಪು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶೆಡ್ಡಿನ ಮುಂದೆ ಗೋಣಿಚೀಲ ಹಾಸಿಕೊಂಡು ವೈರಣ್ಣ ಒಂದು ಬಿಳಿ ಕಾರಿನ ಹಿಂಭಾಗದ ಅಡಿಗೆ ನುಸುಳಿದ್ದಾರೆ. ಹೊರಗೆ ಕಾಣುವುದು ಎರಡು ಕಾಲು, ಸವೆದ ಚಪ್ಪಲಿ, ಅಷ್ಟೇ. ಡ್ರೈವರ್ ಸೀಟಿನಲ್ಲಿ ಅವರ ಹೆಂಡತಿ, ಕೈ ಕೀಯ ಮೇಲೆ. ಅಡಿಯಿಂದ "ಹೂಂ" ಎಂದರೆ ಎಂಜಿನ್ ಶುರು, "ಸಾಕು" ಎಂದರೆ ಬಂದ್. ಇಷ್ಟು ವರ್ಷದ ಸಂಸಾರದಲ್ಲಿ ತಾನು ಗಂಡನ ಮಾತು ಕೇಳಿದ್ದೆಂದರೆ ಈ ಎರಡೇ ಮಾತು ಎಂದು ಆಕೆ ನಗುತ್ತಾರೆ.

ಮೂವತ್ತೊಂದು ವರ್ಷದಿಂದ ವೈರಣ್ಣ ಕಾರುಗಳ ವೈರಿಂಗ್ ಮಾಡುತ್ತಿದ್ದಾರೆ. ದಿನಕ್ಕೆ ಮೂರು ಗಾಡಿ, ಹೆಚ್ಚೆಂದರೆ ನಾಲ್ಕು. ಓದಿದ್ದು ನಾಲ್ಕನೇ ಕ್ಲಾಸು. ಬೆರಳಲ್ಲಿ ಹೊಸಕಿಯೇ ವೈರಿನ ದಪ್ಪ ಹೇಳುತ್ತಾರೆ. ಟ್ಯಾಂಕಿನೊಳಗೆ ಕೂತು ಎಂಜಿನ್ನಿಗೆ ಪೆಟ್ರೋಲು ತಳ್ಳುವ ಫ್ಯೂಯಲ್ ಪಂಪಿಗೆ ವೈರು ಎಳೆಯುವುದರಲ್ಲಿ ಅವರ ಕೈ ಪಳಗಿದ್ದು ಎಂಬ ಮಾತಿದೆ. ಆ ಮಾತು ಕಿವಿಗೆ ಬಿದ್ದರೆ ಅವರು ತಲೆ ತಗ್ಗಿಸುತ್ತಾರೆ.

"ಬ್ಯಾಟರಿ ಮುಂದೆ, ಪಂಪು ಹಿಂದೆ. ಮಧ್ಯೆ ಹದಿನಾರು ಅಡಿ. ವೈರು ಸಣ್ಣದಾದ್ರೆ ಕರೆಂಟು ದಾರೀಲೇ ಸುಸ್ತಾಗುತ್ತೆ. ಸಮ ರಸ್ತೇಲಿ ಗಾಡಿ ಹೆಂಗೋ ಹೋಗುತ್ತೆ. ಏರು ಬಂತೋ, ಏದುಸಿರು. ಪಂಪು ಎಷ್ಟು ಎಳೆಯುತ್ತೆ, ದಾರಿ ಎಷ್ಟುದ್ದ, ಎರಡೂ ನೋಡ್ಬೇಕು. ಹೋಗೋ ವೈರು ದಪ್ಪ ಇದ್ರೆ ಸಾಲದು, ವಾಪಸ್ ಬರೋದೂ ಅಷ್ಟೇ ದಪ್ಪ ಇರ್ಬೇಕು."

ಇಷ್ಟೆಲ್ಲ ಗೊತ್ತಿದ್ದವರೇ ಒಂದು ದಿನ ತಪ್ಪಿದರು. ಮೂರು ವರ್ಷದ ಹಿಂದಿನ ಮಾತು. ಬಾಡಿಗೆ ಕಾರೊಂದಕ್ಕೆ ಹೊಸ ವೈರು ಹಾಕಬೇಕಿತ್ತು. ದಪ್ಪ ವೈರಿನ ಸುರುಳಿ ಮುಗಿದಿತ್ತು. ದೀಪಕ್ಕೆ ಹಾಕುವ ಸಣ್ಣ ವೈರು ಕೈಗೆ ಸಿಕ್ಕಿತು. ಸದ್ಯಕ್ಕೆ ನಡೆಯುತ್ತದೆ ಎಂದು ಅದನ್ನೇ ಎಳೆದರು. ವಾರಕ್ಕೇ ಕಾರು ಏರಿನಲ್ಲಿ ನಿಲ್ಲತೊಡಗಿತು. ಕಾರಿನ ಯಜಮಾನರು, ಅದನ್ನು ಓಡಿಸುತ್ತಿದ್ದ ಚಾಲಕ, ಇಬ್ಬರೂ ಶೆಡ್ಡಿಗೆ ಬಂದರು. ಹೆಂಡತಿ ಅಂದು ತಂಗಿಯ ಮನೆಗೆ ಹೋಗಿದ್ದರು. ತಾವು ಅಡಿಯಲ್ಲಿ ಮಲಗಿರುವಾಗ ಎಂಜಿನ್ ಓಡಬೇಕಾದರೆ ಕೀಯ ಹತ್ತಿರ ಆಕೆಯೇ ಇರಬೇಕೆಂಬುದು ವೈರಣ್ಣನವರ ನೇಮ. ಅದಕ್ಕೇ ಎಂಜಿನ್ ಓಡಿಸದೆ, ಪಂಪಿನ ಪ್ಲಗ್ ಬಿಚ್ಚಿ ಬರೀ ವೈರಿಗೆ ಮೀಟರ್ ಹಿಡಿದರು. ಪೂರ್ತಿ ಹನ್ನೆರಡು ವೋಲ್ಟ್ ತೋರಿಸಿತು. ಪಂಪು ಎಳೆಯದಿದ್ದಾಗ ಸಣ್ಣ ವೈರೂ ಪೂರ್ತಿಯೇ ತೋರಿಸುತ್ತದೆ. ಹೊರೆ ಇಲ್ಲದವನು ಎಲ್ಲಿ ಬಾಗುತ್ತಾನೆ?

ವೈರಿಂಗ್ ಸರಿಯಿದೆ, ಪೆಟ್ರೋಲಿಗೆ ಸೀಮೆಎಣ್ಣೆ ಬಿದ್ದಿದೆ ಎಂದರು ವೈರಣ್ಣ. ಯಜಮಾನರು ತಿರುಗಿ ಚಾಲಕನ ಮುಖ ನೋಡಿದರು. ಪೆಟ್ರೋಲು ಮಾರಿಕೊಂಡು ಸೀಮೆಎಣ್ಣೆ ಸುರಿದಿದ್ದಾನೆಂದು ಅಲ್ಲೇ ಕೀ ಕಸಿದುಕೊಂಡರು. ಹನ್ನೆರಡು ವರ್ಷ ಸ್ಟೀರಿಂಗ್ ಹಿಡಿದ ಮನುಷ್ಯ ನಡೆದುಕೊಂಡೇ ಮನೆಗೆ ಹೋದರು. ಕಾರ್ ಸ್ಟ್ಯಾಂಡಿನಲ್ಲಿ ಸುದ್ದಿ ಹರಡಿತು. ಮತ್ತಾರೂ ಅವರಿಗೆ ಗಾಡಿ ಕೊಡಲಿಲ್ಲ.

ತಿಂಗಳಾದ ಮೇಲೆ ಅದೇ ಕಾರು ಹೊಸ ಚಾಲಕನ ಜೊತೆ ಬಂತು. ರೋಗವೂ ಅದೇ. ಈ ಸಲ ಹೆಂಡತಿ ಕೀ ತಿರುಗಿಸಿದರು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ ಹದಿಮೂರೂವರೆ, ಪಂಪಿನ ಹತ್ತಿರ ಹತ್ತೂವರೆ. ವೈರು ಮುಟ್ಟಿದರೆ ಬೆಚ್ಚಗಿತ್ತು.

"ಅಡಿಯಿಂದ ಈಚೆ ಬರೋಕೇ ಮನಸ್ಸಾಗ್ಲಿಲ್ಲ" ಎನ್ನುತ್ತಾರೆ ವೈರಣ್ಣ. ದಪ್ಪ ವೈರು ಹಾಕಿದರು, ಕಾರು ಏರು ಹತ್ತಿತು. ಯಜಮಾನರಿಗೆ ಹೇಳಿದ್ದು ಮಾತ್ರ "ಈಗ ಸರಿಹೋಯ್ತು" ಎಂದಷ್ಟೇ. ಎರಡು ವರ್ಷ ಬಾಯಿ ಬಿಡಲಿಲ್ಲ. ಹೆಸರು ಕೆಟ್ಟೀತೆಂಬ ಹೆದರಿಕೆ. ಆ ಚಾಲಕ ಗೋದಾಮಿನಲ್ಲಿ ಮೂಟೆ ಹೊರುವುದನ್ನು ಕಂಡ ದಿನ ಬೇರೆ ಬೀದಿ ಹಿಡಿದು ಮನೆಗೆ ಬಂದರು.

"ಬೀದಿ ಬದಲಾಯಿಸಿದ್ರೆ ಮುಖ ಬದಲಾಗುತ್ತಾ?" ಎಂದು ಕೇಳಿದ್ದು ಹೆಂಡತಿ.

ಕಳೆದ ವರ್ಷ ಕೊನೆಗೂ ಗೋದಾಮಿಗೆ ಹೋಗಿ ಎಲ್ಲ ಹೇಳಿದರು. ಚಾಲಕ ಬೆನ್ನ ಮೇಲಿನ ಮೂಟೆ ಇಳಿಸಿ, ಮುಖ ಒರೆಸಿಕೊಂಡು, ಸಿಟ್ಟಿಲ್ಲದೆ ಅಂದರಂತೆ: "ನನಗ್ಯಾಕೆ ಹೇಳ್ತೀಯ ಅಣ್ಣ? ನಾನು ಕದ್ದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ದೋರಿಗೆ ಹೇಳು."

ವೈರಣ್ಣ ಯಜಮಾನರ ಬಳಿ ಹೋದರು. ಆಗಿದ್ದು ಆಯ್ತು, ಕೆದಕಬೇಡಿ ಎಂದು ಅವರು ಬಾಗಿಲ ಕಡೆ ನೋಡಿದರು. ಸ್ಟ್ಯಾಂಡಿನಲ್ಲಿ ಹೇಳಿದರೆ, ಪಾಪ, ಆ ಚಾಲಕನ ಮೇಲಿನ ಕನಿಕರಕ್ಕೆ ತಪ್ಪು ತಲೆಗೆ ಹಾಕಿಕೊಳ್ಳುತ್ತಿದ್ದಾರೆ ಎಂದು ಇವರನ್ನೇ ದೊಡ್ಡ ಮನುಷ್ಯ ಮಾಡಿದರು. ನಾಚಿಕೆಯ ಮೇಲೆ ನಾಚಿಕೆ.

ಬಿಳಿ ಕಾರಿನ ಕೆಲಸ ಮುಗಿದಿದೆ. ವೈರಣ್ಣ ಮೊಣಕೈ ಧೂಳು ಕೊಡವಿಕೊಂಡು ಏಳುತ್ತಾರೆ. ಪತ್ರಿಕೆಗೆ ಫೋಟೊ ಬೇಕು ಎಂದರೆ ಬೇಡವೆಂದು ಕೈ ಅಡ್ಡ ಹಿಡಿಯುತ್ತಾರೆ. ತಮ್ಮನ್ನು ಹೊಗಳಿ ಬರೆಯುವುದಾದರೆ ಬರೆಯುವುದೇ ಬೇಡ ಎನ್ನುತ್ತಾರೆ.

"ಸ್ಟ್ಯಾಂಡ್‌ನಲ್ಲಿ ಎಲ್ರೂ ನಿಮ್ಮ ಪೇಪರ್ ಓದ್ತಾರೆ. ಯಾರ ವಿಷಯ ಅಂತ ಅವ್ರಿಗೆ ತಿಳಿಯುತ್ತೆ. ಆ ಪೆಟ್ರೋಲಲ್ಲಿ ಏನೂ ಬೆರೆತಿರ್ಲಿಲ್ಲ. ಅವನು ಒಂದು ತೊಟ್ಟೂ ಕದ್ದಿಲ್ಲ. ಸಣ್ಣ ವೈರು ಹಾಕಿದ್ದು ನಾನು, ಗೊತ್ತಾದ್ಮೇಲೂ ಸುಮ್ಮನಿದ್ದದ್ದು ನಾನು. ಇಷ್ಟು ಬರೀರಿ, ಸಾಕು."