ಅತ್ತೆಯ ಹಸು, ಅಮ್ಮನ ಕುಂಕುಮ

ನನ್ನ ಅತ್ತೆ, ಅಂದರೆ ಗಂಡನ ತಾಯಿ, ಚಿತ್ರಕಲಾವಿದೆ, ಐರಿಶ್ ವಂಶದವರು. ಅಮೆರಿಕದ ಸ್ಕೋಕಿ ಊರಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಅವರ ಮನೆ. ಕುಂಚ ಹಿಡಿಯುವ ಮುನ್ನ, ಐರ್ಲೆಂಡಿನಿಂದ ಬಂದ ಅಜ್ಜಿ ಕಲಿಸಿದ ಪ್ರಾರ್ಥನೆ ಹೇಳಿ, ಕ್ಯಾನ್ವಾಸಿಗೆ ಚರ್ಚಿನ ತೀರ್ಥ ಚಿಮುಕಿಸುತ್ತಾರೆ. ನಮ್ಮ ಕಡೆ ಮಡಿ ಹೆಂಗಸರಿಗೂ ಇಷ್ಟು ನಿಷ್ಠೆ ಇಲ್ಲ ಎಂದು ನಾನು ರೇಗಿಸುವುದುಂಟು.

ಕಳೆದ ವರ್ಷ ಅವರು ಐರ್ಲೆಂಡಿನ ಸಂತಳೊಬ್ಬಳ ಚಿತ್ರ ಬರೆಯುತ್ತಿದ್ದರು. ಪಕ್ಕದಲ್ಲೊಂದು ಕಂದು ಹಸು, ಅಜ್ಜಿ ಊರಲ್ಲಿ ಹಾಲು ಕರೆಯುತ್ತಿದ್ದ ಹಸು. ಮೂವತ್ತು ವರ್ಷ ಕುಂಚ ಹಿಡಿದರೂ ಅವರ ಸ್ವಂತ ಚರ್ಚಿನ ಗೋಡೆಗೆ ಅದೇ ಮೊದಲ ಚಿತ್ರ. ಭಾನುವಾರ ಒಪ್ಪಿಸಬೇಕು.

ಶುಕ್ರವಾರ ಆಯುಧಪೂಜೆ. ಮೈಸೂರಿನಿಂದ ಬಂದಿದ್ದ ಅಮ್ಮ ನಮ್ಮ ಕಾರು, ಲ್ಯಾಪ್‌ಟಾಪ್, ಮಿಕ್ಸಿಗೆಲ್ಲ ಕುಂಕುಮ ಇಟ್ಟು ಮುಗಿಸಿದಳು. ಬೀಗಿತ್ತಿಯ ಕುಂಚಗಳನ್ನು ಬಿಡುವುದುಂಟೇ ಎಂದು ಬಟ್ಟಲು ಹಿಡಿದು ನನ್ನನ್ನೂ ಹೊರಡಿಸಿದಳು. ಅತ್ತೆ ಖುಷಿಯಾಗಿ ಟೀ ಮಾಡಲು ಒಳಗೆ ಹೋದರು. ನಾನು ಫೋನಿನಲ್ಲಿ ಮುಳುಗಿದ್ದೆ. ಅಮ್ಮ ಕುಂಚಗಳಿಗೆ ಇಟ್ಟಳು, ಬಣ್ಣದ ಪೆಟ್ಟಿಗೆಗೆ ಇಟ್ಟಳು. ಹಸುವನ್ನು ಕಂಡ ಮೇಲೆ ಕೈ ನಿಲ್ಲಬೇಕಲ್ಲ! ಅದರ ಹಣೆಗೂ ಕಾಸಗಲ ಇಟ್ಟೇಬಿಟ್ಟಳು. ಬಣ್ಣ ಇನ್ನೂ ಹಸಿಯಾಗಿತ್ತು.

“ಏನಮ್ಮಾ ಮಾಡ್ದೆ! ನಾಡಿದ್ದು ಕೊಡ್ಬೇಕು ಅದನ್ನ. ಸ್ವಲ್ಪಾನಾದ್ರೂ ಬುದ್ಧಿ ಬೇಡ್ವಾ ನಿಂಗೆ?” ಎಂದು ಕೂಗಿದೆ.

“ಬರೀ ಹಣೇಲಿ ನಿಂತಿತ್ತು ಕಣೇ,” ಎಂದ ಅಮ್ಮನ ಮುಖ ಸಪ್ಪಗಾಯಿತು.

ಟೀ ತಂದ ಅತ್ತೆಗೆ ನಾನು ತಡವರಿಸುತ್ತಾ ವಿಷಯ ತಿಳಿಸಿದೆ. ಅವರು ಹಸುವನ್ನೇ ನೋಡುತ್ತಾ ನಿಂತರು. ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. ಅವರ ಅಜ್ಜಿ ಹಾಲು ಕರೆದಾದ ಮೇಲೆ ನೊರೆಯಲ್ಲಿ ಹೆಬ್ಬೆರಳು ಅದ್ದಿ, ಹಸುವಿನ ಪಕ್ಕೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಿದ್ದರಂತೆ.

“ನಾಲ್ಕು ತಿಂಗಳಿಂದ ಈ ಹಸುವಿಗೆ ಏನೋ ಕಡಿಮೆ ಅನ್ನಿಸುತ್ತಿತ್ತು. ನಾನೇ ಮರೆತಿದ್ದೆ ನೋಡು,” ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಕುಂಕುಮವನ್ನು ಚಾಕುವಿನ ತುದಿಯಿಂದ ಮೆಲ್ಲಗೆ ಕೆರೆದರು. ಹಣೆಯಲ್ಲಿ ತೆಳುವಾಗಿ ಕೆಂಪು ಉಳಿಯಿತು. ಇರಲಿ ಎಂದು ಬಿಟ್ಟರು. ಬಿಳಿ ಬಣ್ಣದಲ್ಲಿ ಹೆಬ್ಬೆರಳು ಅದ್ದಿ ಪಕ್ಕೆಯ ಮೇಲೆ ಪುಟ್ಟ ಶಿಲುಬೆ ಎಳೆದರು. ಆಮೇಲೆ ಅಮ್ಮನ ತಲೆಗೂ ಒಂದಿಷ್ಟು ತೀರ್ಥ ಚಿಮುಕಿಸಿದರು. ಅಮ್ಮ ಆ ಹನಿಗಳನ್ನು ಭಕ್ತಿಯಿಂದ ಕಣ್ಣಿಗೊತ್ತಿಕೊಂಡಳು.

ಭಾನುವಾರ ಚರ್ಚಿನಲ್ಲಿ ಪಾದ್ರಿಗಳು ಸಂತಳಿಗಿಂತ ಹಸುವನ್ನೇ ಹೆಚ್ಚು ಹೊಗಳಿದರು. ಅತ್ತೆ ಹಿಂದಿನ ಸಾಲಿಗೆ ಹೋಗಿ ಅಮ್ಮನ ಕೈ ಹಿಡಿದು ಎಲ್ಲರ ಮುಂದೆ ಕರೆತಂದರು.

“ಹಸುವನ್ನು ಪೂರ್ತಿ ಮಾಡಿದ್ದು ಇವರು,” ಎಂದರು.

“ಏನಂದ್ರು ಅವ್ರು?” ಅಮ್ಮ ನನ್ನತ್ತ ತಿರುಗಿದಳು.

ಬುದ್ಧಿ ಬೇಡವಾ ಎಂದು ಕೂಗಿದ್ದ ನಾನೇ ಅದನ್ನು ಅವಳಿಗೆ ಕನ್ನಡದಲ್ಲಿ ಹೇಳಬೇಕಾಯಿತು.